ಊರಿಗೆ ಹೋದವರ ಲೆಕ್ಕ

ಕುರ್ಲಾದ ಕಲ್ಲುಪುಡಿ ಕಾರ್ಖಾನೆಯ ಧೂಳನ್ನು ಉಸಿರಾಡಿದವರು ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ಕೂಲಿಗಳು. ಆ ಧೂಳಿನಿಂದ ಸತ್ತವರು ಅವರು. ಸತ್ತವರ ಲೆಕ್ಕದಲ್ಲಿ ಇಲ್ಲದವರೂ ಅವರೇ. ಮಾಲೀಕನಿಗೆ ಏನೂ ಆಗಲಿಲ್ಲ. ಅವನ ಪರವಾಗಿ ವರದಿ ಬರೆದ ವೈದ್ಯನಿಗೆ ಏನೂ ಆಗಲಿಲ್ಲ. ಆ ವರದಿಗೆ ಸಹಿ ಹಾಕಿದ ಅಧಿಕಾರಿಗೆ ಬಡ್ತಿಯಾಯಿತು. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಏಕೆಂದರೆ ನಾನು ಇಲ್ಲಿ ಯಾರ ಬಗ್ಗೆ ಬರೆಯಹೊರಟಿದ್ದೇನೋ ಅವರು, ತಮ್ಮ ಬಗ್ಗೆ ಯಾರಾದರೂ ಮಾತು ತೆಗೆದರೆ, "ನನ್ನದು ಆಮೇಲೆ ಇರಲಿ ಮಾರಾಯ್ರೇ, ಪೆಟ್ಟು ಬಿದ್ದದ್ದು ಯಾರಿಗೆ, ಅದನ್ನು ಮೊದಲು ಹೇಳಿ" ಎಂದು ತಡೆಯುತ್ತಿದ್ದರು.

ಅವರು ಕಳೆದ ತಿಂಗಳು ಘಾಟ್ಕೋಪರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಕನ್ನಡ ಸಂಘದ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಭಾಷಣಕಾರರೊಬ್ಬರು ಅವರ ವಿದ್ಯಾರ್ಥಿಗಳೆಲ್ಲ ಇಂದು ದೊಡ್ಡ ಹುದ್ದೆಗಳಲ್ಲಿ ಇದ್ದಾರೆಂದೂ, ಅದಕ್ಕೆ ಈ ಸಭೆಯಲ್ಲಿ ಕುಳಿತವರೇ ಸಾಕ್ಷಿಯೆಂದೂ ಗದ್ಗದಿತರಾಗಿ ಹೇಳಿದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಆ ದುಃಖದ ನಡುವೆಯೂ ನಗು ಬಂತು. ಅವರು ಬದುಕಿದ್ದರೆ ಹಿಂದಿನ ಸಾಲಿನಿಂದ ಎದ್ದು ನಿಂತು, "ಫೇಲಾದವರನ್ನೂ ಈ ಸಭೆಗೆ ಕರೆದಿದ್ದೀರಾ?" ಎಂದು ಕೇಳಿಯೇ ಕೇಳುತ್ತಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅದು ಅವರದೇ ಅಪ್ಪಣೆ. ಉಡುಪಿಯ ಕಡೆಯಿಂದ ಬಂದವರು, ಉಪನಗರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು, ಮದುವೆಯಾಗದೆ ಅಣ್ಣನ ಸಂಸಾರದೊಂದಿಗೆ ಇದ್ದ ಹೆಂಗಸು ಎಂದಷ್ಟೇ ಹೇಳಬಲ್ಲೆ. ಕರಾವಳಿಯ ಜನ ಅವರನ್ನು ಟೀಚರ್ ಎನ್ನುತ್ತಿದ್ದರು. ಕುರ್ಲಾದ ಚಾಳಿನಲ್ಲಿ ಒಂದೊಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ಕೂಲಿಗಳು ಬಾಯಾರ ಎನ್ನುತ್ತಿದ್ದರು. ಕಾರ್ಮಿಕರ ಆರೋಗ್ಯಕ್ಕಾಗಿ ನಾವು ಕಟ್ಟಿಕೊಂಡಿದ್ದ ಒಂದು ಸಣ್ಣ ಸಮಿತಿಗೆ ನಾನು ಕಾರ್ಯದರ್ಶಿ. ಅವರು ನನ್ನನ್ನು 'ಸೆಕ್ರೆಟ್ರಿಗಳೇ' ಎಂದು ಕರೆಯುತ್ತಿದ್ದರು. ಆ ಬಹುವಚನದಲ್ಲಿ ಗೌರವ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರು ಕುಳಿತದ್ದನ್ನು ಕಂಡವರು ಕಡಿಮೆ. ಲೋಕಲ್ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಲ್ಲುವರು. ಸಭೆಯಲ್ಲಿ ಗೋಡೆಗೆ ಒರಗಿ, ಮಡಚಿದ ಕೊಡೆಯ ತುದಿಯಿಂದ ನೆಲವನ್ನು ಕುಟ್ಟುತ್ತ ನಿಲ್ಲುವರು. ಕೊಟ್ಟ ಚಹಾವನ್ನು ಅರ್ಧ ಕುಡಿದು ಎಲ್ಲಿಯೋ ಇಟ್ಟು ಮರೆಯುವರು. ಈ ನಗರದಲ್ಲಿ ಯಾವುದೋ ಒಂದು ತಪ್ಪು ಸಂಖ್ಯೆ ಈ ಕ್ಷಣದಲ್ಲಿ ಅಚ್ಚಾಗುತ್ತಿದೆ, ತಾವು ಹೋಗಿ ತಡೆಯದಿದ್ದರೆ ಯಾರಿಗೋ ಹಾನಿಯಾಗುತ್ತದೆ ಎಂಬ ಚಡಪಡಿಕೆ ಅವರ ಮೈಯಲ್ಲಿ ಸದಾ ಇತ್ತು.

ತರಗತಿಯಲ್ಲಿ ಅವರು ಹಾಜರಿ ಕರೆಯುವ ಕ್ರಮವೇ ಬೇರೆ. ಬಂದವರ ಹೆಸರನ್ನು ಕರೆಯುತ್ತಿರಲಿಲ್ಲ. ಖಾಲಿ ಬೆಂಚುಗಳನ್ನು ನೋಡಿ, "ಬಾರದವರು ಯಾರು?" ಎನ್ನುವರು. ಪಕ್ಕದವರು ಹೆಸರು ಹೇಳಬೇಕು. ಏಕೆ ಬಂದಿಲ್ಲ ಎಂದೂ ಹೇಳಬೇಕು. ಗೊತ್ತಿಲ್ಲವೆಂದರೆ, "ಪಕ್ಕದಲ್ಲೇ ಕೂರುವವನು, ಗೊತ್ತಿಲ್ಲವಾ?" ಎಂದು ಹುಬ್ಬೇರಿಸುವರು. ಪ್ರಾಂಶುಪಾಲರು ಒಮ್ಮೆ ಆಕ್ಷೇಪಿಸಿದಾಗ ಅವರು ಕೊಟ್ಟ ಉತ್ತರವನ್ನು ವಿದ್ಯಾರ್ಥಿಗಳು ವರ್ಷಗಟ್ಟಲೆ ಅಣಕಿಸಿ ನಗುತ್ತಿದ್ದರು: "ಬಂದವರು ನನ್ನ ಕಣ್ಣಿಗೆ ಕಾಣ್ತಾರೆ ಸರ್. ಕಂಡವರನ್ನು ಕರೆಯುವುದು ಎಂತಕ್ಕೆ?"

ಅದೇ ಪ್ರಶ್ನೆಯನ್ನು ಅವರು ಮನೆಯಲ್ಲಿಯೂ ಬಿಡಲಿಲ್ಲ. ಅವರ ಅಣ್ಣನಿಗೆ ಘಾಟ್ಕೋಪರ್ ಸ್ಟೇಷನ್ನಿನ ಎದುರು ಹೋಟೆಲಿತ್ತು. ಒಂದು ಭಾನುವಾರ ನಾವು ಅಲ್ಲಿ ಇಡ್ಲಿ ತಿನ್ನುತ್ತಿದ್ದೆವು. ಹಣ ಎಣಿಸುವ ಗಲ್ಲೆಯ ಮೇಲೆ ಕುಳಿತಿದ್ದ ಅಣ್ಣ ಹೆಮ್ಮೆಯಿಂದ ಹೇಳಿದರು:

"ಎಷ್ಟು ವರ್ಷ ಆಯ್ತು ಹೋಟೆಲ್ ಇಟ್ಟು. ದಿನಾ ಟೇಬಲಿಗೆ ಹೋಗಿ ನಾನೇ ಕೇಳ್ತೇನೆ. ಒಬ್ಬನಾದ್ರೂ ಸಾಂಬಾರ್ ಸರಿ ಇಲ್ಲ ಅಂದದ್ದುಂಟಾ?"

"ಇಲ್ಲ ಅಣ್ಣಯ್ಯ," ಎಂದರು ಇವರು. "ಸರಿ ಇಲ್ಲ ಅನ್ನುವವರು ಎದುರಿನ ಇರಾನಿ ಹೋಟೆಲಲ್ಲಿ ಕೂತು ಬ್ರುನ್ ಮಸ್ಕ ತಿಂತಾ ಇದ್ದಾರೆ. ಅಲ್ಲಿಗೆ ಹೋಗಿ ಕೇಳು."

"ನಿನ್ನನ್ನು ಓದಿಸಿದ್ದೇ ತಪ್ಪಾಯ್ತು!"

"ಅದಕ್ಕೂ ನನ್ನನ್ನೊಬ್ಬಳನ್ನೇ ನೋಡಿ ಹೇಳ್ಬೇಡ. ಓದಿದ ಬೇರೆಯವರನ್ನೂ ನೋಡು."

ಅಣ್ಣ ನಕ್ಕು ಮುಖ ತಿರುಗಿಸಿದರು. ಆದರೆ ಮರುವಾರ ಹೋದಾಗ ಸಾಂಬಾರು ಬದಲಾಗಿತ್ತು.

ಪತ್ರಿಕೆಯೊಂದರಲ್ಲಿ ಸರ್ಕಾರ ಝೋಪಡಿವಾಸಿಗಳಿಗೆ ಕಟ್ಟಿಸಿಕೊಟ್ಟ ಮನೆಗಳ ಬಗ್ಗೆ ಚಿತ್ರ ಬಂದಿತ್ತು. ಹೋದ ವರ್ಷದ್ದು ಗಿಡ್ಡ ಕಂಬ, ಈ ವರ್ಷದ್ದು ಅದರ ಎರಡರಷ್ಟು ಎತ್ತರದ ಕಂಬ. ನಮ್ಮ ಸಮಿತಿಯವರೇ ಅದನ್ನು ನೋಡಿ, ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನಪಟ್ಟಿದ್ದರು. ಟೀಚರ್ ಅಂಟು ತರಿಸಿ, ಚಿತ್ರದ ಕೆಳಗೆ ಒಂದು ಉದ್ದನೆಯ ಬಿಳಿ ಕಾಗದ ಅಂಟಿಸಿ, ಎರಡೂ ಕಂಬಗಳನ್ನು ಸೊನ್ನೆಯವರೆಗೆ ಕೆಳಗಿಳಿಸಿ ಎಳೆದರು. ಈಗ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. "ಕಾಲು ಕತ್ತರಿಸಿ ಮುದ್ರಿಸಿದ್ದಾರೆ," ಎಂದರು. "ಇಬ್ಬರನ್ನು ಕುತ್ತಿಗೆವರೆಗೆ ನೀರಲ್ಲಿ ನಿಲ್ಲಿಸಿ ಎತ್ತರ ಅಳೆದ ಹಾಗೆ. ರುಮಾಲು ಕಟ್ಟಿದವ ದುಪ್ಪಟ್ಟು ಉದ್ದ ಕಾಣ್ತಾನೆ." ಅಂದಿನಿಂದ ಅವರ ಚೀಲದಲ್ಲಿ ಅಂಟಿನ ಡಬ್ಬಿ ಖಾಯಂ ಆಯಿತು. ಕಾಲು ಕತ್ತರಿಸಿದ ಚಿತ್ರ ಎಲ್ಲಿ ಕಂಡರೂ ಕಾಲು ಜೋಡಿಸುವುದು ಅವರಿಗೆ ಒಂದು ಗೀಳು. ಅಚ್ಚುಮಾಡಿದ ಸಂಪಾದಕರು ತಮ್ಮ ಓದುಗರಿಗೆ ಮಾಡಿದ್ದು ವಂಚನೆ. ಆ ವಂಚನೆಯನ್ನು ಇವತ್ತಿಗೂ ಸಂಪಾದಕರು ಬಿಟ್ಟಿಲ್ಲ.

ಕುರ್ಲಾದ ಚಾಳಿನಲ್ಲಿ ನೀರಿನ ತಕರಾರು ಎದ್ದಾಗ ವಾರ್ಡಿನ ಅಧಿಕಾರಿ, ಸರಾಸರಿ ನೋಡಿದರೆ ಪ್ರತಿ ಖೋಲಿಗೂ ಬೇಕಾದಷ್ಟು ನೀರು ಸಿಗುತ್ತಿದೆ ಎಂದು ಸಭೆಯಲ್ಲಿ ಘೋಷಿಸಿದ. ಕೆಳಗಿನ ಮಾಳಿಗೆಯಲ್ಲಿ ನಲ್ಲಿ ಉಕ್ಕುತ್ತಿತ್ತು, ಮೇಲಿನ ಮಾಳಿಗೆಯಲ್ಲಿ ಅದರೊಳಗೆ ಜೇಡ ಬಲೆ ಕಟ್ಟಿತ್ತು. ಟೀಚರ್ ಎದ್ದು ಮರಾಠಿಯಲ್ಲಿ ಅತ್ಯಂತ ವಿನಯದಿಂದ ಕೇಳಿದರು: ಈ ಸರಾಸರಿ ನೀರು ಯಾವ ಮಾಳಿಗೆಯಲ್ಲಿ ಸಿಗುತ್ತದೆ ಸಾಹೇಬರೇ, ಕೊಡ ತೆಗೆದುಕೊಂಡು ಅಲ್ಲಿಗೇ ಹೋಗುತ್ತೇವೆ. ಹೆಂಗಸರು ಗೊಳ್ಳೆಂದು ನಕ್ಕರು. ಅಧಿಕಾರಿ ಸಿಟ್ಟಾದ. ನೀರು ಬರಲಿಲ್ಲ. ಆದರೆ ಆ ಚಾಳಿನಲ್ಲಿ 'ಸರಾಸರಿ' ಎಂಬುದು ಅಂದಿನಿಂದ ಬೈಗುಳವಾಯಿತು.

ಆ ಚಾಳಿನ ಹಿಂದೆಯೇ ಕಲ್ಲುಪುಡಿ ಕಾರ್ಖಾನೆ. ಬಿಳಿಯ ಕಲ್ಲನ್ನು ಒಡೆದು, ಅರೆದು, ಹಿಟ್ಟಿನಂತೆ ನುಣುಪು ಮಾಡಿ ಗಾಜಿನ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಸುತ್ತಲಿನವರ ಬಾಯಲ್ಲಿ ಅದು 'ಚಕ್ಕಿ'. ಪಾಳಿ ಮುಗಿದು ಹೊರಬರುವ ಗಂಡಸರ ರೆಪ್ಪೆಯೂ ಬಿಳಿ, ಮೀಸೆಯೂ ಬಿಳಿ. ಧೂಳನ್ನು ಹೀರುವ ಯಂತ್ರವಿರಲಿಲ್ಲ. ಕಲ್ಲಿಗೆ ನೀರು ಚಿಮುಕಿಸುವ ವ್ಯವಸ್ಥೆ ಇರಲಿಲ್ಲ. ನೀರು ತಾಗಿದರೆ ಮಾಲು ಉಂಡೆಗಟ್ಟುತ್ತದೆ ಎಂಬುದು ಮಾಲೀಕನ ವಾದ. ಮುಖಕ್ಕೆ ಕಟ್ಟಿಕೊಳ್ಳಲು ಅವರವರ ಟಾವೆಲ್ಲೇ ಗತಿ. ಮುಂದೆ ಶರಣಪ್ಪ ಎಂಬವನ ಮಾತು ಬರುತ್ತದೆ. ಅವನು ಯಂತ್ರದ ಬಾಯಿಗೆ ಕಲ್ಲು ಸುರಿಯುವವನು. ಟೀಚರನ್ನು ಮೊದಲ ಸಲ ಕಂಡಾಗ ಅವನು ತನ್ನ ಮೈಯನ್ನು ತೋರಿಸಿ ಅಂದದ್ದು: "ನನ್ನ ಹಿಟ್ಟಿನ್ಯಾಗ ಹೊರಳಿಸಿ ತಗದಾರ್ರಿ ಬಾಯಾರ. ಎಣ್ಣ್ಯಾಗ ಬಿಡೂದೊಂದ ಬಾಕಿ."

ನಮ್ಮ ಸಮಿತಿ ದೂರು ಕೊಟ್ಟಿತು. ಮಾಲೀಕ ತನ್ನದೇ ವೈದ್ಯನಿಂದ ಎಲ್ಲರನ್ನೂ ಪರೀಕ್ಷೆ ಮಾಡಿಸಿ ವರದಿ ಹೊರಡಿಸಿದ. ಕೆಲಸದಲ್ಲಿರುವ ಯಾವ ಕಾರ್ಮಿಕನಿಗೂ ಶ್ವಾಸಕೋಶದ ರೋಗವಿಲ್ಲ. ಅಷ್ಟೇ ಅಲ್ಲ, ಪಕ್ಕದ ಚಾಳಿನ ಜನರಿಗಿಂತ ಇವರ ಆರೋಗ್ಯ ಉತ್ತಮವಾಗಿದೆ! ಒಂದು ಪತ್ರಿಕೆ ಇದನ್ನು ವಿಚಾರಿಸದೆ ಹಾಗೆಯೇ ಅಚ್ಚುಹಾಕಿತು. ನಾನು ಕೆಂಡವಾಗಿ ಆ ಹಾಳೆಯನ್ನು ಟೀಚರ ಮುಂದೆ ಹಿಡಿದು, "ಎಂಥ ಹಸಿ ಸುಳ್ಳು ನೋಡಿ" ಎಂದೆ.

ಅವರು ನಿಂತಲ್ಲಿಯೇ ಓದಿದರು. ಮತ್ತೊಮ್ಮೆ ಓದಿದರು.

"ಇದರಲ್ಲಿ ಒಂದೂ ಸುಳ್ಳಿಲ್ಲ ಸೆಕ್ರೆಟ್ರಿಗಳೇ," ಎಂದರು. "ಕೆಲಸದಲ್ಲಿ ಇರುವವನಿಗೆ ರೋಗ ಇಲ್ಲ. ಹೌದು. ರೋಗ ಬಂದವ ಕೆಲಸದಲ್ಲಿ ಇರುವುದಿಲ್ಲವಲ್ಲ! ಮತ್ತೆ ಚಾಳಿನವರು. ಚಾಳಿನಲ್ಲಿ ಮುದುಕರಿದ್ದಾರೆ, ಕೂಸುಗಳಿವೆ, ಚಕ್ಕಿಯಿಂದ ಹೊರಗೆ ಹಾಕಿದವರೂ ಅಲ್ಲೇ ಮಲಗಿ ಕೆಮ್ಮುತ್ತಾರೆ. ಅವರಿಗಿಂತ ದುಡಿಯುವ ಗಂಡಸರು ಗಟ್ಟಿ ಅಂತೆ. ಎಂತ ಸಂಶೋಧನೆ ಮಾರಾಯ್ರೇ."

ಅಷ್ಟಕ್ಕೇ ನಿಲ್ಲಿಸಿದ್ದರೆ ನಮಗೆ ಹಿತವಾಗುತ್ತಿತ್ತು. ಅವರು ನಮ್ಮ ಸಮಿತಿಯ ಕರಪತ್ರವನ್ನೂ ಕೇಳಿ ತೆಗೆದುಕೊಂಡರು. ಅದರಲ್ಲಿ, ನಾವು ಮಾತನಾಡಿಸಿದ ಪ್ರತಿಯೊಬ್ಬ ಕಾರ್ಮಿಕನೂ ಕೆಮ್ಮಿನಿಂದ ನರಳುತ್ತಿದ್ದಾನೆ ಎಂದು ದಪ್ಪ ಅಕ್ಷರದಲ್ಲಿತ್ತು.

"ಇವರನ್ನು ಎಲ್ಲಿ ಮಾತನಾಡಿಸಿದಿರಿ?"

"ನಮ್ಮ ಔಷಧ ಕೇಂದ್ರದಲ್ಲಿ," ಎಂದರು ನಮ್ಮ ಅಧ್ಯಕ್ಷರು.

"ಕೆಮ್ಮುವವರನ್ನು ಕರೆದು ಕೆಮ್ಮು ಉಂಟಾ ಅಂತ ಕೇಳಿದ್ದೀರಿ. ಅವರು ಗಟ್ಟಿ ಇದ್ದವರನ್ನು ಮಾತ್ರ ಎಣಿಸಿದರು, ನೀವು ಕೆಮ್ಮುವವರನ್ನು ಮಾತ್ರ ಎಣಿಸಿದಿರಿ. ವ್ಯತ್ಯಾಸ ಎಂತ?"

"ನಾವು ಬಡವರ ಪರ ಟೀಚರ್!"

"ಹಾಗಾದ್ರೆ ಬಡವರಿಗೆ ಸರಿಯಾದ ಲೆಕ್ಕ ಕೊಡಿ. ಇದನ್ನು ಕೋರ್ಟಲ್ಲಿ ಒಬ್ಬ ಎಳಸು ವಕೀಲ ಎರಡು ನಿಮಿಷದಲ್ಲಿ ಹರಿದುಹಾಕ್ತಾನೆ. ಆಮೇಲೆ ಚಕ್ಕಿಯವರ ನಿಜವಾದ ಕೆಮ್ಮನ್ನೂ ಯಾರೂ ನಂಬುವುದಿಲ್ಲ."

ಅಧ್ಯಕ್ಷರು ಅವರೊಡನೆ ಬಹಳ ಕಾಲ ಮಾತು ಬಿಟ್ಟರು. ಕರಪತ್ರ ಹಂಚಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಚಾಳಿನ ನಲ್ಲಿಯ ಬಳಿಗೆ ಹೋದರು. ನೀರಿಗಾಗಿ ಕೊಡಗಳ ಸಾಲು ಹಿಡಿದಿದ್ದ ಹೆಂಗಸರ ನಡುವೆ ನಿಂತು, ಚಕ್ಕಿಯಲ್ಲಿ ಮೊದಲು ಇದ್ದು ಈಗ ಬಾರದವರು ಯಾರು ಎಂದು ಕೇಳಿದರು. ನಾನೂ ಜೊತೆಗಿದ್ದೆ.

"ನಮ್ಮ ಮೈದುನ ಊರಿಗೆ ಹೋಗ್ಯಾನ್ರಿ."

"ನಮ್ಮ ಬಾಜೂ ಖೋಲಿ ಅಣ್ಣಾರು ಹೋಗ್ಯಾರ."

"ಆ ಮೂಲಿ ಮನಿ ನಿಂಗಪ್ಪ? ಅವನೂ ಊರಿಗೆ ಹೋದ. ಪಾಪ, ಛಲೋ ಹಾಡ್ತಿದ್ದ."

"ಮತ್ತೆ ಯಾವಾಗ ಬರ್ತಾರೆ?" ಎಂದರು ಟೀಚರ್.

ಹೆಂಗಸರು ಕೊಡಗಳನ್ನು ಮುಂದಕ್ಕೆ ಸರಿಸಿದರು. ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು ಎಲೆ ಅಡಿಕೆ ಉಗಿದು, "ಏನ್ ಕೇಳ್ತೀರಿ ಬಾಯಾರ. ಹೋಗ್ಯಾರ ಅಂದ್ರ ಹೋಗ್ಯಾರ. ಮ್ಯಾಲೆ ಮಣ್ಣು ಬಿದ್ದು ಹುಲ್ಲು ಬೆಳದೈತಿ" ಎಂದಳು.

"ಹಾಗಾದ್ರೆ ಊರಿಗೆ ಹೋದ ಅಂತ ಯಾಕೆ ಹೇಳ್ತೀರಿ ಅಮ್ಮ?"

"ಮತ್ತೇನ್ ಅನ್ಬೇಕು? ಊರಿಗೇ ಹೋಗಿರ್ತಾರ. ಸುಳ್ಳಲ್ಲ."

ಟೀಚರ್ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆತಿಲ್ಲ. ವೈದ್ಯನ ವರದಿಯಲ್ಲಿದ್ದ ನಿಜ, ಈ ಮುದುಕಿಯ ನಿಜ, ಎರಡೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು.

ಈ ಮಾತಿನ ಹಿಂದೆ ಒಂದು ಪದ್ಧತಿ ಇತ್ತು. ಪರದೇಶದ ಮಣ್ಣಿಗೆ ನಮ್ಮವರು ಬೀಳಬಾರದೆಂದು ಚಾಳಿನ ಭಜನಾ ಮಂಡಳಿ ನಿರ್ಧರಿಸಿತ್ತು. ಯಾರಿಗಾದರೂ ಮೆಟ್ಟಿಲು ಹತ್ತುವಾಗ ಏದುಸಿರು ಬಂದು, ರೊಟ್ಟಿ ಸೇರದಂತಾದರೆ, ಕುಂಕುಮ ಹಚ್ಚಿ, ಬುತ್ತಿ ಕಟ್ಟಿ, ಭಜನೆ ಮಾಡುತ್ತ ಸ್ಟೇಷನ್ನಿಗೆ ಕರೆದೊಯ್ದು ರೈಲು ಹತ್ತಿಸುವರು. ಊರ ಗಾಳಿ, ಊರ ನೀರು ಬಿದ್ದರೆ ಆರಾಮಾಗುತ್ತದೆ ಎನ್ನುವರು. ಯಾರಿಗೂ ಆರಾಮಾದ ಸುದ್ದಿ ಬಂದಿರಲಿಲ್ಲ. ಚಕ್ಕಿಯ ಮಾಲೀಕ ಈ ಪದ್ಧತಿಯನ್ನು ಬಹು ಬೇಗ ಅರ್ಥಮಾಡಿಕೊಂಡ. ರೈಲಿನ ಟಿಕೆಟನ್ನು ತಾನೇ ಕೊಡಿಸತೊಡಗಿದ. ಶೇಠ್ ದೇವರಂಥವನು ಎಂದು ಭಜನಾ ಮಂಡಳಿ ಅವನಿಗೆ ಶಾಲು ಹೊದಿಸಿತು. ಅವನು ಕೊಡಿಸುತ್ತಿದ್ದ ಟಿಕೆಟ್ಟು ಒಂದೇ ಕಡೆಯದೆಂಬುದನ್ನು ಯಾರೂ ಗಮನಿಸಲಿಲ್ಲ. ಸಾವುಗಳು ಬೇರೆ ಬೇರೆ ಹಳ್ಳಿಗಳಲ್ಲಿ ಒಂದೊಂದಾಗಿ ಚದುರಿಹೋದವು. ಅಲ್ಲಿ ಯಾರೂ ಚಕ್ಕಿಯ ಹೆಸರು ಕೇಳಿರಲಿಲ್ಲ. ಮುಂಬಯಿಯ ದಾಖಲೆಯಲ್ಲಿ ಕುರ್ಲಾದ ಗಾಳಿ ಶುದ್ಧವಾಗಿ ಉಳಿಯಿತು. ಭಕ್ತಿಯನ್ನು ಈ ರೀತಿ ಬಳಸಿಕೊಂಡದ್ದನ್ನು ನಾನು ಅಪರಾಧವೆಂದೇ ಕರೆಯುತ್ತೇನೆ. ಶಾಲು ಹೊದಿಸಿದವರದೂ ತಪ್ಪೇ.

ನಮ್ಮ ಒತ್ತಾಯಕ್ಕೆ ಕೊನೆಗೂ ಸರ್ಕಾರಿ ಇಲಾಖೆ ತನ್ನ ವೈದ್ಯರಿಂದಲೇ ಪರೀಕ್ಷೆ ನಡೆಸಲು ಒಪ್ಪಿತು. ಎಕ್ಸ್‌ರೇ ವ್ಯಾನು ಚಕ್ಕಿಯ ಗೇಟಿಗೆ ಬರುವುದೆಂದಾಯಿತು. ರೋಗಿಗಳು ಸಿಕ್ಕರೆ ಮಾಲೀಕ ಧೂಳು ಹೀರುವ ಯಂತ್ರ ಕೂರಿಸಬೇಕು, ಅವರ ಚಿಕಿತ್ಸೆ ಮಾಡಿಸಬೇಕು. ಸಿಗದಿದ್ದರೆ ನಮ್ಮ ದೂರು ಮುಕ್ತಾಯ. ಈ ಸುದ್ದಿ ಹರಡಿದ ವಾರವೇ ಮಾಲೀಕನ ದಯೆ ಉಕ್ಕಿತು. ಕೆಮ್ಮುವವರಿಗೆಲ್ಲ ಟಿಕೆಟ್ಟು ಬಂತು. ಶರಣಪ್ಪನಿಗೂ ಬಂತು. ಅವನ ಕೆಲಸಕ್ಕೆ ಅವನ ತಮ್ಮ ಮಲ್ಲುವನ್ನೇ ತೆಗೆದುಕೊಳ್ಳುವುದಾಗಿ ಕೂಲಿಗಳ ಮೇಸ್ತ್ರಿಯಾದ ಮುಕಾದಮ ಮಾತು ಕೊಟ್ಟಿದ್ದ. ಮನೆಯವರೆಲ್ಲ ಕೃತಜ್ಞರಾಗಿದ್ದರು.

ಟೀಚರ್ ಶರಣಪ್ಪನ ಖೋಲಿಗೆ ಹೋದರು. ಪರೀಕ್ಷೆಯವರೆಗೆ ಊರಿಗೆ ಹೋಗಬೇಡ ಎಂದು ಕೇಳಿಕೊಂಡರು. ಅವನ ಹೆಂಡತಿ ನೀಲವ್ವ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ರ ಉಸಿರು ಎಣಸಾಕ ಬಂದೀರೇನು ಬಾಯಾರ?"

"ಹಾಗಲ್ಲ ನೀಲವ್ವ…"

"ಹಂಗ ಅಲ್ದ ಮತ್ತೇನ್ರಿ! ಅಲ್ಲಿ ಅವ್ರ ತಾಯಿ ಹಾದಿ ನೋಡಾಕತ್ತಾಳ. ಇಲ್ಲಿ ನೀವು ನಿಂದ್ರು ಅಂತೀರಿ. ನಿಮ್ಮ ಅಣ್ಣಾರಿಗೆ ಹಿಂಗ ಆಗಿದ್ರ ನಿಂದ್ರಸ್ತಿದ್ರೇನು?"

ಟೀಚರ್ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವರು ಹಾಗೆ ಕುಸಿದು ಕುಳಿತದ್ದನ್ನು ನಾನು ಅದೊಂದೇ ಸಲ ಕಂಡೆ. "ಗೊತ್ತಿಲ್ಲ ನೀಲವ್ವ," ಎಂದರು. "ನಿಲ್ಲಿಸ್ತಿದ್ದೆನಾ ಇಲ್ಲವಾ, ನನಗೇ ಗೊತ್ತಿಲ್ಲ. ನೀವು ಹೋಗುವುದಾದ್ರೆ ಹೋಗಿ. ನಾನು ಇನ್ನು ಕೇಳುವುದಿಲ್ಲ."

ಗೋಡೆಗೆ ಒರಗಿದ್ದ ಶರಣಪ್ಪ ಮೆಲ್ಲಗೆ, ಮಾತಿನ ನಡುವೆ ಉಸಿರು ಹುಡುಕುತ್ತ, ಹೇಳಿದ: "ನೀಲಾ, ಹೋಗೂದಂತೂ ಇದ್ದೇ ಐತಿ. ನಾ ಹೋದ ಮರುದಿನ ಆ ಮಷೀನ್ ಮುಂದ ಮಲ್ಲು ನಿಂದ್ರತಾನ. ಹೋದಾವ್ರೆಲ್ಲಾ ಸುಮ್ಮ ಹೋಗ್ಯಾರ. ಒಬ್ಬರರ ನಿಂತು ಎದಿ ತೋರಸೂಣು." ಆಮೇಲೆ ಟೀಚರ್ ಕಡೆ ನೋಡಿ ನಕ್ಕ: "ಅಳಬ್ಯಾಡ್ರಿ ಬಾಯಾರ. ಸರಾಸರಿ ನೋಡಿದ್ರ ನಾ ಆರಾಮ ಅದೀನಿ."

ಪರೀಕ್ಷೆಯ ದಿನ ಮಲ್ಲು ಅವನನ್ನು ಹೆಗಲು ಕೊಟ್ಟು ಗೇಟಿನವರೆಗೆ ತಂದ. ಟೀಚರ್ ಕಾಲೇಜಿಗೆ ರಜೆ ಹಾಕಿ ಬಂದಿದ್ದರು. ವ್ಯಾನಿನ ಪಕ್ಕದಲ್ಲಿ ಮೇಜು, ಮೇಜಿನ ಹಿಂದೆ ಇಲಾಖೆಯ ಕಿರಿಯ ವೈದ್ಯ, ಅವನ ಬದಿಯಲ್ಲಿ ಮುಕಾದಮ. ಮುಕಾದಮನೂ ಶರಣಪ್ಪನ ಪಕ್ಕದ ಹಳ್ಳಿಯವನೇ. ಸಾಹೇಬರ ಮುಂದೆ ಮಾತ್ರ ಹಿಂದಿ. ಅವನು ಕೆಲಸಗಾರರ ಹೆಸರು ಕರೆಯುತ್ತಿದ್ದ. ಒಬ್ಬೊಬ್ಬನೇ 'ಹಾಜಿರ್' ಎಂದು ವ್ಯಾನು ಹತ್ತುತ್ತಿದ್ದ. ಶರಣಪ್ಪನ ಹೆಸರು ಬಂತು. ಶರಣಪ್ಪ ಬಾಯಿ ತೆರೆಯುವ ಮೊದಲೇ ಮುಕಾದಮ, ತಲೆಯೆತ್ತದೆ, ಮುಂದುವರಿಸಿದ:

"ಗಾಂವ್ ಗಯಾ."

"ಏ, ನಾ ಇಲ್ಲೇ ಅದೀನಲ್ಲೋ!" ಎಂದ ಶರಣಪ್ಪ. ಅಷ್ಟು ಜೋರಾಗಿ ಹೇಳಿದ್ದಕ್ಕೆ ಕೆಮ್ಮು ಹತ್ತಿಕೊಂಡಿತು.

ಕೆಮ್ಮು ನಿಂತಿತು. ಮುಕಾದಮ, ಅವನು ಊರಿಗೆ ಹೋದ ಎಂದು, ವೈದ್ಯನಿಗೆ ಮತ್ತೆ ಹೇಳಿದ: "ಸಾಹಬ್, ವೋ ಗಾಂವ್ ಗಯಾ."

ಟೀಚರ್ ಮೇಜಿನ ಹತ್ತಿರ ಹೋದರು. ಕೊಡೆಯ ತುದಿ ನೆಲಕ್ಕೆ ಕುಟ್ಟುತ್ತಿತ್ತು. ವೈದ್ಯ ಇಂಗ್ಲಿಷಿನಲ್ಲಿ ವಿವರಿಸಿದ: ಟಿಕೆಟ್ ಕೊಟ್ಟ ದಿನವೇ ಈತನ ಹೆಸರು ಹಾಜರಿಯಿಂದ ತೆಗೆದಿದ್ದಾರೆ, ಕೆಲಸದಲ್ಲಿ ಇರುವವರನ್ನು ಮಾತ್ರ ಪರೀಕ್ಷಿಸಬೇಕೆಂದು ತನಗೆ ಆದೇಶವಿದೆ, ತಾನು ಏನೂ ಮಾಡುವಂತಿಲ್ಲ.

"ಸರಿ ಡಾಕ್ಟ್ರೇ," ಎಂದರು ಅವರು, ತಾಳ್ಮೆ ಕಳೆದು, ಅವನಿಗೆ ಅರ್ಥವಾಗದ ಕನ್ನಡದಲ್ಲಿ. "ಇವನ ಎದೆಗೆ ಒಮ್ಮೆ ನಿಮ್ಮ ನಳಿಕೆ ಇಟ್ಟು ನೋಡಿ. ಊರಿಂದ ಕೇಳಿಸ್ತದಾ, ಇಲ್ಲಿಂದ ಕೇಳಿಸ್ತದಾ, ಅಷ್ಟು ಹೇಳಿ ಸಾಕು."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಆ ಕಿರಿಯ ವೈದ್ಯನ ಕೈ ಸ್ಟೆಥಾಸ್ಕೋಪಿನವರೆಗೆ ಹೋದದ್ದನ್ನು ನಾನು ನೋಡಿದೆ. ಅವನು ಗೇಟಿನೊಳಗೆ ನಿಂತಿದ್ದ ಮಾಲೀಕನ ಕಡೆಗೊಮ್ಮೆ ನೋಡಿದ. ಕೈ ಹಿಂದಕ್ಕೆ ಬಂತು. ಮುಕಾದಮ ಮುಂದಿನ ಹೆಸರು ಕರೆದ.

ಶರಣಪ್ಪನಿಗೆ ನಗು ಬಂತು. "ನೋಡ್ರಿ ಬಾಯಾರ, ನನಗಿಂತ ಮೊದಲ ನನ್ನ ಹೆಸರು ಊರು ಮುಟ್ಟೇತಿ."

ಇಲಾಖೆಯ ವರದಿ ಮಾಲೀಕನ ವರದಿಯಂತೆಯೇ ಇತ್ತು. ದೂರು ಮುಕ್ತಾಯವಾಯಿತು. ಶರಣಪ್ಪ ಆ ಮಳೆಗಾಲ ಮುಗಿಯುವ ಮುನ್ನ ಕುರ್ಲಾದ ಖೋಲಿಯಲ್ಲಿಯೇ ಸತ್ತ. ಇಲ್ಲಿಯೇ ಸತ್ತದ್ದರಿಂದ ಇಲ್ಲಿಯ ಲೆಕ್ಕಕ್ಕೇನೋ ಸೇರಿದ. ಆದರೆ ಕಾರಣದ ಮುಂದೆ ಕ್ಷಯ ಎಂದು ಬರೆದರು. ಅವನ ಎದೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಚಾಳಿನಲ್ಲಿ ಕೆಮ್ಮಿ ಸಾಯುವ ಬಡವನಿಗೆ ಕ್ಷಯವಲ್ಲದೆ ಇನ್ನೇನು ಎಂಬ ಸೋಮಾರಿತನ ಅದು. ನೀಲವ್ವ ಸ್ಮಶಾನದಿಂದ ಬಂದ ಗಂಡಸರ ಎದುರಿಗೇ ಟೀಚರಿಗೆ ಹೇಳಿದಳು: "ನಿಮ್ಮ ಲೆಕ್ಕಕ್ಕ ನಿಂತ. ತಾಯಿ ಮುಖ ನೋಡಲಿಲ್ಲ." ಟೀಚರ್ ತಲೆತಗ್ಗಿಸಿ ಕೇಳಿಸಿಕೊಂಡರು. ನನಗೆ ಅವರ ಪರವಾಗಿ ಮಾತಾಡಬೇಕೆನ್ನಿಸಿತ್ತು, ನನ್ನ ತೋಳನ್ನು ಹಿಡಿದು ನಿಲ್ಲಿಸಿದರು.

ಆಮೇಲಿನ ವರ್ಷಗಳಲ್ಲಿ ಅವರ ಚಡಪಡಿಕೆ ಇನ್ನೂ ಹೆಚ್ಚಿತು. ಕಪ್ಪುಹಲಗೆಯನ್ನು ಒದ್ದೆಬಟ್ಟೆಯಿಂದಲೇ ಒರೆಸುವರು. ಒಣ ಡಸ್ಟರ್ ಮುಟ್ಟಿದ ವಿದ್ಯಾರ್ಥಿಯನ್ನು ಗದರುವರು. ಬೇಸಿಗೆ ರಜೆಯಲ್ಲಿ ಬಿಜಾಪುರ ಕಡೆಗೆ ಹೋಗಿ, ನಲ್ಲಿಯ ಬಳಿ ಕೇಳಿದ ಹೆಸರುಗಳನ್ನು ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಕೆಲವರ ಮನೆ ಸಿಕ್ಕಿತು. ಸಿಕ್ಕ ಮನೆಗಳಲ್ಲಿ ಅವರು ಕಂಡದ್ದನ್ನು ಇಲಾಖೆಗೆ ಬರೆದು ಕೊಟ್ಟರು. ಇದು ಒಬ್ಬ ಖಾಸಗಿ ವ್ಯಕ್ತಿಯ ಅಪೂರ್ಣ ಸಮೀಕ್ಷೆ ಎಂದು ಇಲಾಖೆ ಹಿಂದಿರುಗಿಸಿತು. "ಅಪೂರ್ಣ ಅಂತ ಅವರು ಹೇಳಿದ್ದು ಸರಿ," ಎಂದರು ನನಗೆ, ನನ್ನನ್ನು ರೇಗಿಸುವಷ್ಟು ನ್ಯಾಯವಾಗಿ. "ಸಿಕ್ಕದ ಮನೆಗಳಲ್ಲಿ ಎಂತ ಆಗಿದೆ ಅಂತ ನನಗೆ ಗೊತ್ತಿಲ್ಲ. ಪೂರ್ಣ ಮಾಡುವುದು ಅವರ ಕೆಲಸ. ಅವರತ್ರ ಎಲ್ಲರ ಊರಿನ ವಿಳಾಸ ಉಂಟು, ಜೀಪ್ ಉಂಟು, ಡಾಕ್ಟ್ರು ಉಂಟು. ನನ್ನ ಹತ್ರ ಒಂದು ಕೊಡೆ."

ಅವರಿಗೇ ಕಾಯಿಲೆ ಬಂದಾಗ ಅಣ್ಣ ಊರಿಗೆ ಕರೆದೊಯ್ಯಲು ಬಹಳ ಪ್ರಯತ್ನಪಟ್ಟರು. ಅಲ್ಲಿ ಮನೆಯಿದೆ, ಗಾಳಿಯಿದೆ, ನೋಡಿಕೊಳ್ಳುವವರಿದ್ದಾರೆ ಎಂದರು. ಅವರು ಹಾಸಿಗೆಯಲ್ಲಿ ಮಗ್ಗುಲಾಗಿ, "ನಾನು ಘಾಟ್ಕೋಪರಲ್ಲೇ ಸಾಯ್ತೇನೆ ಅಣ್ಣಯ್ಯ. ಈ ವಾರ್ಡಿನ ಲೆಕ್ಕದಲ್ಲೇ. ಊರಿಗೆ ಹೋದಳು ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬರ್ತೇನೆ" ಎಂದರು. ಅಣ್ಣ ಅಳುತ್ತಲೇ ನಕ್ಕರು.

ಸಂತಾಪ ಸಭೆ ಮುಗಿದು ಜನ ಮೆಟ್ಟಿಲಿಳಿಯುತ್ತಿದ್ದಾಗ ಬಾಗಿಲ ಪಕ್ಕದಲ್ಲಿ ನೀಲವ್ವ ನಿಂತಿದ್ದಳು. ಈಗ ಕುರ್ಲಾ ಸ್ಟೇಷನ್ನಿನ ಹೊರಗೆ ತರಕಾರಿ ಮಾರುತ್ತಾಳೆ. ಅವಳನ್ನು ಅಲ್ಲಿ ಕಾಣುವೆನೆಂದು ನಾನು ಎಣಿಸಿರಲಿಲ್ಲ.

"ಬಾಯಾರ ಮ್ಯಾಲಿನ ಸಿಟ್ಟು ಬಿಟ್ಟಿಲ್ರಿ ನಾನು," ಎಂದಳು. "ಆದ್ರೂ ಬಂದೆ. ಬರದಿದ್ರ ಯಾರು ಬಂದಿಲ್ಲ ಅಂತ ಕೇಳ್ತಿದ್ರಲ್ಲ."

ಮಲ್ಲು ಹೇಗಿದ್ದಾನೆ ಎಂದು ಕೇಳಿದೆ.

"ಅಲ್ಲೇ ಅದಾನ, ಅಣ್ಣನ ಜಾಗಾದಾಗ. ಮೊನ್ನಿಂದ ಮೆಟ್ಟಲಾ ಹತ್ತೂಮುಂದ ನಡುವ ನಿಂದ್ರಾಕತ್ತಾನ." ಅವಳು ಸೆರಗನ್ನು ಬಿಗಿದುಕೊಂಡಳು. "ಶೇಠ್ ಟಿಕೆಟ್ ಕೊಡ್ತೀನಿ ಅಂದಾನಂತ."

ಈ ಚಳಿಗಾಲದಲ್ಲಿ ಚಕ್ಕಿಯಲ್ಲಿ ಮತ್ತೊಮ್ಮೆ ಆರೋಗ್ಯ ಪರೀಕ್ಷೆ ನಡೆಯಲಿದೆಯೆಂದು ಇಲಾಖೆ ಪ್ರಕಟಿಸಿದೆ. ಆದ್ದರಿಂದ ಈ ಬರಹವನ್ನು ನಾನು ಶ್ರದ್ಧಾಂಜಲಿಯಾಗಿ ಮುಗಿಸಲಾರೆ. ಕಾರ್ಖಾನೆಯ ಮಾಲೀಕರೇ, ಪರೀಕ್ಷೆಗೆ ಆದೇಶ ಹೊರಡಿಸುವ ಅಧಿಕಾರಿಗಳೇ, ವರದಿಗೆ ಸಹಿ ಹಾಕಲಿರುವ ವೈದ್ಯರೇ, ನಿಮ್ಮ ಮುಂದೆ ನನ್ನ ಬೇಡಿಕೆ ಇದು. ಮಲ್ಲುವಿನ ಹೆಸರನ್ನು ಪರೀಕ್ಷೆಯ ಮುನ್ನ ಹಾಜರಿಯಿಂದ ತೆಗೆಯಕೂಡದು. ಅವನ ಎದೆಯ ಚಿತ್ರವನ್ನು ಮೊದಲು ತೆಗೆಯಿರಿ. ಚಕ್ಕಿ ತೆರೆದಂದಿನಿಂದ ನೀವು 'ಗಾಂವ್ ಗಯಾ' ಎಂದು ಕರೆದ ಪ್ರತಿಯೊಬ್ಬನ ಊರಿಗೂ ನಿಮ್ಮ ವೈದ್ಯರನ್ನು ಕಳುಹಿಸಿ. ಬದುಕಿದ್ದರೆ ಪರೀಕ್ಷಿಸಿ, ಸತ್ತಿದ್ದರೆ ಹೇಗೆ ಸತ್ತನೆಂದು ಅವನ ಮನೆಯವರನ್ನು ಕೇಳಿ. ಅದು ಮುಗಿಯುವವರೆಗೆ ಯಾವ ವರದಿಯನ್ನೂ ಪ್ರಕಟಿಸಬೇಡಿ. ಮುಗಿದ ಮೇಲೆ ಆ ಗೇಟಿನ ಎದುರು, ನೀಲವ್ವನಂಥವರನ್ನು ಮುಂದೆ ನಿಲ್ಲಿಸಿ, ನಿಮ್ಮ ಬಾಯಿಂದಲೇ ಹೇಳಿ: ಬಾರದವರು ಯಾರು? ಒಬ್ಬೊಬ್ಬರ ಹೆಸರು ಹಿಡಿದು ಹೇಳಿ.